ಎಂಪಿವಿ ಹತ್ತುವ ಮುಂಚೆ: ಹೊಸ ಡ್ರೈವರ್‌ಗಳಿಗೆ

ಛತ್ತೀಸ್‌ಗಢದ ಬಸ್ತರ್ ಕಡೆ ಪೋಸ್ಟಿಂಗ್ ಆದ ನಮ್ಮ ಹುಡುಗರು ಫೋನ್ ಮಾಡಿದಾಗ ಮೊದಲು ಕೇಳೋದು ಇದನ್ನೇ: "ಅಣ್ಣಾ, ಎಂಪಿವಿ ಒಳಗೆ ಕೂತರೆ ಏನೂ ಆಗಲ್ಲ ಅಲ್ವಾ?" ನೆಲಬಾಂಬಿನ ಏಟು ತಡೆಯುವ ಈ ಗಾಡಿಯನ್ನು ನಾನು ಓಡಿಸಿದ್ದೇನೆ, ಆಮೇಲೆ ಓಡಿಸೋದನ್ನು ಕಲಿಸಿದ್ದೇನೆ. ಸರಿಯಾಗಿ ಕೂತರೆ ಬದುಕುವ ಅವಕಾಶ ಜಾಸ್ತಿ. ಹೇಗೋ ಕೂತರೆ ಆ ಉಕ್ಕು ನಿಮ್ಮನ್ನು ಕಾಯೋದಿಲ್ಲ.

ಮೊದಲು ಗಾಡಿಯ ಅಡಿಗೆ ಬಗ್ಗಿ ನೋಡಿ. ತಳ ಚಪ್ಪಟೆಯಾಗಿಲ್ಲ, ದೋಣಿಯ ತಳದ ಹಾಗೆ ಚೂಪಾಗಿದೆ. ಕೆಳಗೆ ಸಿಡಿದ ಗಾಳಿಯ ಒತ್ತಡ ಆ ಇಳಿಜಾರಿಗೆ ಬಡಿದು ಎರಡೂ ಪಕ್ಕಕ್ಕೆ ಜಾರುತ್ತದೆ. ಗಾಡಿ ಅಷ್ಟು ಎತ್ತರ ಇರೋದೂ ಅದಕ್ಕೇ: ನೆಲದಿಂದ ದೂರ ಇದ್ದಷ್ಟೂ ಏಟು ಕಡಿಮೆ. ದಕ್ಷಿಣ ಆಫ್ರಿಕಾದವರು ನಮೀಬಿಯಾ ಗಡಿಯ ಯುದ್ಧದ ಕಾಲದಲ್ಲಿ ಹೀಗೆ ಕಟ್ಟಿದ ಗಾಡಿ ಕಾಸ್ಪಿರ್. ಮುಂದೆ ನಮ್ಮ ಸೇನೆಯೂ ಅದನ್ನು ಕೊಂಡಿತು. ಚಕ್ರದಡಿ 21 ಕೆಜಿ ಟಿಎನ್‌ಟಿ ಸ್ಫೋಟಕ, ತಳದಡಿ 14 ಕೆಜಿ ತಡೆಯುವಂತೆ ಅದನ್ನು ರೂಪಿಸಿದ್ದರು. ಸ್ಫೋಟದಲ್ಲಿ ಚಕ್ರ ಕಿತ್ತುಹೋದರೆ ಗಾಬರಿ ಬೇಡ. ಚಕ್ರ ಹೋಗಲಿ, ಜನ ಉಳಿಯಲಿ ಅಂತಲೇ ಮಾಡಿದ ಗಾಡಿ ಇದು.

ಈಗ ಕೂರುವ ವಿಷಯ. ನಾನು ಅತಿ ಹೆಚ್ಚು ಜಗಳ ಆಡಿದ್ದು ಇದಕ್ಕೇ. ತಳ ತೂತಾಗದಿದ್ದರೂ ಒಳಗಿನ ನೆಲ ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲಕ್ಕೆ ಹೊಡೆಯುತ್ತದೆ. ಕಾಲು ನೆಲದ ಮೇಲಿದ್ದರೆ ಹಿಮ್ಮಡಿ, ಮೊಣಕಾಲಿನ ಕೆಳಗಿನ ಮೂಳೆ ಮುರಿಯುತ್ತವೆ. ಬೆನ್ನುಮೂಳೆಗೂ ಏಟು. ಅದಕ್ಕೇ ಒಳ್ಳೆಯ ಗಾಡಿಗಳಲ್ಲಿ ಸೀಟನ್ನು ನೆಲಕ್ಕೆ ಬೋಲ್ಟ್ ಮಾಡೋದಿಲ್ಲ, ಗೋಡೆಗೋ ಚಾವಣಿಗೋ ತೂಗುಹಾಕಿರುತ್ತಾರೆ. ಕಾಲಿಡುವ ಪಟ್ಟಿ ಇದ್ದರೆ ಕಾಲು ಅದರ ಮೇಲೇ ಇರಬೇಕು. ಬುಲೆಟ್‌ಪ್ರೂಫ್ ಜಾಕೆಟ್ ಹಾಕಿಕೊಂಡ ಮೇಲೆ ಬೆಲ್ಟ್ ಬಿಗಿ ಮಾಡಿ, ಮುಂಚೆ ಅಲ್ಲ. ಹೆಲ್ಮೆಟ್ ತೊಡೆಯ ಮೇಲಲ್ಲ, ತಲೆಯ ಮೇಲೆ. ಮೇ ತಿಂಗಳ ಸೆಕೆಯಲ್ಲಿ ಬೆಲ್ಟ್ ಸಡಿಲ ಮಾಡೋಣ ಅನ್ನಿಸುತ್ತೆ, ನನಗೆ ಗೊತ್ತು. ಆದರೂ ಬೇಡ. ಬೆಲ್ಟ್ ಇಲ್ಲದವನ ತಲೆ ಚಾವಣಿಗೆ ಬಡಿಯುತ್ತದೆ, ಪಕ್ಕದವನ ಮೇಲೂ ಬೀಳುತ್ತಾನೆ. ಜಾಕ್, ನೀರಿನ ಕ್ಯಾನ್, ಮದ್ದುಗುಂಡಿನ ಪೆಟ್ಟಿಗೆ ಎಲ್ಲವನ್ನೂ ಕಟ್ಟಿಹಾಕಿ. ಬಿಡಿಯಾಗಿರುವ ಒಂದು ಸ್ಪ್ಯಾನರ್ ಕೂಡ ಆ ಕ್ಷಣದಲ್ಲಿ ಗುಂಡಿನಂತೆ ಹಾರುತ್ತದೆ.

ಎತ್ತರದ ಗಾಡಿ ಸುಲಭವಾಗಿ ಉರುಳುತ್ತದೆ. ತಿರುವಿಗೆ ಬರುವ ಮೊದಲೇ ವೇಗ ಇಳಿಸಿ. ಮೋರಿಯ ಅಂಚು, ಮಳೆಗೆ ನೆನೆದ ಕಚ್ಚಾ ರಸ್ತೆಯ ಬದಿ ನಂಬಬೇಡಿ, ತೂಕಕ್ಕೆ ಕುಸಿಯುತ್ತವೆ. ಅಮೆರಿಕದವರು 2007ರಿಂದ ಇರಾಕ್‌ಗೆ ಇಂಥ ಗಾಡಿಗಳನ್ನು ಸಾವಿರಾರು ಕಳಿಸಿದರು. ಅಫ್ಘಾನಿಸ್ತಾನದ ಕೆಟ್ಟ ರಸ್ತೆಗಳಿಗೆ ಅವು ಭಾರವಾದವು. 2009ರಲ್ಲಿ ಅವರು ಹಗುರವಾದ ಎಂ-ಎಟಿವಿಯನ್ನು ತರಿಸಬೇಕಾಯಿತು.

ಗಾಡಿ ಇದೆ ಅಂತ ರಸ್ತೆ ಪರೀಕ್ಷೆ ಬಿಡಬೇಡಿ. ಇದನ್ನು ನಾನು ಬೇಡಿಕೊಂಡು ಹೇಳುತ್ತೇನೆ. 2018ರ ಮಾರ್ಚ್ 13ರಂದು ಸುಕ್ಮಾದ ಕಿಸ್ಟಾರಾಮ್ ಬಳಿ ಸಿಆರ್‌ಪಿಎಫ್‌ನ 9 ಜವಾನರು ನಕ್ಸಲರ ಬಾಂಬಿಗೆ ಸಿಕ್ಕಿ ಎಂಪಿವಿಯಲ್ಲೇ ಹುತಾತ್ಮರಾದರು. ಗಾಡಿ ಎಷ್ಟು ಕೆಜಿ ತಡೆಯುತ್ತದೆ ಅನ್ನೋದನ್ನು ಎದುರಿನವನೂ ತಿಳಿದುಕೊಂಡಿರುತ್ತಾನೆ, ಅದಕ್ಕಿಂತ ಜಾಸ್ತಿ ಹೂಳುತ್ತಾನೆ. ಆರ್‌ಒಪಿಯವರು, ಅಂದರೆ ಮುಂಚೆ ಹೋಗಿ ರಸ್ತೆ ಪರೀಕ್ಷಿಸುವ ತಂಡದವರು, ನಡೆದು ನೋಡದ ರಸ್ತೆಗೆ ಗಾಡಿ ಇಳಿಸಬೇಡಿ. ಹೋದ ದಾರಿಯಲ್ಲೇ, ಅದೇ ಹೊತ್ತಿಗೆ ವಾಪಸ್ ಬರಬೇಡಿ. ನಡೆದು ಹೋಗಬಹುದಾದ ಕಡೆ ನಡೆಯಿರಿ. ಕಾನ್ವಾಯ್‌ನಲ್ಲಿ ಗಾಡಿಗಳ ನಡುವೆ ಅಂತರ ಇರಲಿ, ಒಂದೇ ಏಟಿಗೆ ಎರಡು ಸಿಗಬಾರದು.

ಸ್ಫೋಟ ಆಗಿಯೇಬಿಟ್ಟರೆ, ಬೆಂಕಿ ಹತ್ತದಿದ್ದರೆ, ಕೂಡಲೇ ಬಾಗಿಲು ತೆಗೆದು ಹಾರಬೇಡಿ. ಹೊರಗೆ ಗುಂಡಿನ ದಾಳಿ ಕಾದಿರಬಹುದು, ರಸ್ತೆ ಬದಿಯಲ್ಲಿ ಇನ್ನೊಂದು ಬಾಂಬೂ ಇರಬಹುದು. ಒಬ್ಬೊಬ್ಬರ ಹೆಸರು ಕೂಗಿ, ಯಾರು ಉತ್ತರಿಸಲಿಲ್ಲ ನೋಡಿ, ರಕ್ತ ಸೋರುವವರಿಗೆ ಒಳಗೇ ಪಟ್ಟಿ ಬಿಗಿಯಿರಿ. ಗಾಡಿ ಮಗುಚಿದ್ದರೆ ಒಂದು ಕೈ ಚಾವಣಿಗೆ ಒತ್ತಿ ಹಿಡಿದು ಆಮೇಲೆ ಬೆಲ್ಟ್ ಬಿಚ್ಚಿ, ಇಲ್ಲದಿದ್ದರೆ ಕತ್ತಿನ ಮೇಲೆ ಬೀಳುತ್ತೀರಿ. ಬಾಗಿಲು ಸಿಕ್ಕಿಕೊಂಡರೆ ಹೊರಬರುವ ತುರ್ತು ಕಿಂಡಿ, ಅಂದರೆ ಹ್ಯಾಚ್, ಎಲ್ಲಿದೆ, ಅದರ ಹಿಡಿ ಯಾವ ಕಡೆ ತಿರುಗುತ್ತದೆ ಅನ್ನೋದು ಕತ್ತಲಲ್ಲೂ ಕೈಗೆ ಗೊತ್ತಿರಬೇಕು. ಕ್ಯಾಂಪಿನಲ್ಲಿ ನಿಂತ ಗಾಡಿಯಲ್ಲೇ ಕಣ್ಣು ಕಟ್ಟಿಕೊಂಡು ಇದನ್ನು ಅಭ್ಯಾಸ ಮಾಡಿ.