ಬೀಗರು ಬಂದಾಗ ನಾಯಿ ಮೈಮೇಲೆ ಜಿಗಿಯುತ್ತದಾ? ಕೌದಿ ಮೇಲೆ ಕೂರೋದು ಕಲಿಸಿ

ನಮ್ಮ ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ಹಾಲಿನವರು, ಪಕ್ಕದ ಮನೆ ಕಾಕು, ಬೀಗರು ಅಂತ ದಿನವಿಡೀ ಯಾರಾದರೂ ಬರುತ್ತಲೇ ಇರುತ್ತಾರೆ, ನಾಯಿ ಎಲ್ಲರ ಮೈಮೇಲೂ ಜಿಗಿಯುತ್ತದೆ. ನಾವು "ಏ, ಬ್ಯಾಡ!" ಅಂತ ಕೂಗುತ್ತೇವೆ. ಅದು ಇನ್ನೂ ಜಾಸ್ತಿ ಜಿಗಿಯುತ್ತದೆ. ಎಷ್ಟೋ ನಾಯಿಗಳಿಗೆ ನಾವು ಕೂಗಿದ್ದು, ಕೈಯಿಂದ ತಳ್ಳಿದ್ದು ಎಲ್ಲಾ ಆಟವೇ. ಹಾಗಾಗಿ ಬೇಡ ಅನ್ನೋದನ್ನು ಬಿಟ್ಟು, ಏನು ಮಾಡಬೇಕು ಅನ್ನೋದನ್ನು ಕಲಿಸಿ. ಯಾರಾದರೂ ಬಂದರೆ ತನ್ನ ಕೌದಿ ಮೇಲೆ ಹೋಗಿ ಕೂರಬೇಕು, ಅಷ್ಟೇ.

ಮೊದಲು ತಿನಿಸು ರೆಡಿ ಮಾಡಿಕೊಳ್ಳಿ. ಉಪ್ಪು-ಮಸಾಲೆ ಇಲ್ಲದೆ ಬೇಯಿಸಿದ ಕೋಳಿ, ತತ್ತಿ, ಇಲ್ಲಾ ಪನೀರ್. ಕಡಲೆಕಾಳಿನಷ್ಟು ಚೂರು ಸಾಕು, ದೊಡ್ಡದು ಕೊಟ್ಟರೆ ಅಗಿಯುತ್ತಾ ನಿಂತು ಪಾಠ ಮರೆಯುತ್ತದೆ. ಕೆಲವು ನಾಯಿಗಳು ಖಡಕ್ ರೊಟ್ಟಿ ಚೂರಿಗೂ ಕುಣಿಯುತ್ತವೆ, ಖರ್ಚೇ ಇಲ್ಲ. ಪ್ರೀತಿ ಉಕ್ಕಿ ಪೇಢಾ ಕೊಡಬೇಡಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ, ಆದ್ದರಿಂದ ನಿನ್ನೆಯ ಚಿಕನ್ ಸಾರಿನ ತುಂಡು ತೊಳೆದು ಕೊಡೋ ಜಾಣತನವೂ ಬೇಡ.

ಆಮೇಲೆ ಒಂದು ಸದ್ದು ಬೇಕು. ನಾಲಿಗೆಯಿಂದ ಟಕ್ ಅನ್ನಿಸಿ, ತಕ್ಷಣ ಚೂರು ಕೊಡಿ. ನಾಯಿ ಏನೂ ಮಾಡಬೇಕಿಲ್ಲ. ಟಕ್, ಚೂರು, ಟಕ್, ಚೂರು. ಸ್ವಲ್ಪ ಹೊತ್ತಿಗೆ ಟಕ್ ಕೇಳಿದರೆ ಸಾಕು, ಕಿವಿ ನಿಮಿರಿಸಿ ನಿಮ್ಮ ಕೈ ನೋಡುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ 1951ರಲ್ಲೇ ಇದಕ್ಕೆ ಟಿಕ್ ಟಿಕ್ ಅನ್ನೋ ಆಟಿಕೆ ಬಳಸಿ ಅಂತ ಬರೆದಿದ್ದರು, ಈಗ ಅಂಗಡಿಯಲ್ಲಿ ಕ್ಲಿಕ್ಕರ್ ಅಂತ ಸಿಗುತ್ತದಲ್ಲ, ಅದೇ ವಿಚಾರ. ಈ ಸದ್ದು ಯಾಕೆ ಬೇಕು ಅಂದರೆ, ನಾಯಿ ಕೂತಾಗ ನೀವು ಜೇಬಿಗೆ ಕೈ ಹಾಕಿ ಚೂರು ತೆಗೆಯುವಷ್ಟರಲ್ಲಿ ಅದು ಎದ್ದು ನಿಂತಿರುತ್ತದೆ, ಆಗ ನೀವು ಕೂಲಿ ಕೊಟ್ಟಿದ್ದು ಎದ್ದು ನಿಂತಿದ್ದಕ್ಕೆ. ಟಕ್ ಅನ್ನೋದು ಸರಿಯಾದ ಗಳಿಗೆಯನ್ನು ಹಿಡಿದು ತೋರಿಸುತ್ತದೆ.

ಈಗ ಹಳೇ ಕೌದಿಯೊಂದನ್ನು ಮಡಚಿ ನಿಮ್ಮ ಮುಂದೆ ಹಾಸಿ, ಬಾಯಿ ಮುಚ್ಚಿಕೊಂಡು ಕೂತುಬಿಡಿ. ಕಷ್ಟ ಇರೋದೇ ಇಲ್ಲಿ, ನಮಗೆ ಸುಮ್ನೆ ಕೂತು ಗೊತ್ತಿಲ್ಲ. ನಾಯಿ ನಿಮ್ಮ ಮುಖ ನೋಡುತ್ತದೆ, ಕೈ ಮೂಸುತ್ತದೆ, ಒಂದು ಸಲ ಕೌದಿ ಕಡೆ ನೋಡುತ್ತದೆ. ಟಕ್! ಚೂರನ್ನು ಕೌದಿ ಮೇಲೇ ಇಡಿ. ಮುಂದಿನ ಸಲ ಒಂದು ಕಾಲು ಇಟ್ಟರೆ ಟಕ್. ಆಮೇಲೆ ಎರಡು ಕಾಲು, ಆಮೇಲೆ ನಾಲ್ಕೂ. ಪೂರ್ತಿ ಹತ್ತಿ ನಿಂತ ಮೇಲೆ ಇನ್ನೊಂದು ಚೂರನ್ನು ದೂರ ಎಸೆಯಿರಿ, ಅದು ಹೋಗಿ ತಿಂದು ತಿರುಗುತ್ತದಲ್ಲ, ಆಗ ಸೀದಾ ಕೌದಿಗೆ ವಾಪಸ್ ಬಂದರೆ ವಿಷಯ ಅರ್ಥವಾಗಿದೆ ಅಂತ. ಇನ್ನು ಮುಂದೆ ಕೌದಿ ಮೇಲೆ ಕೂತರೆ ಮಾತ್ರ ಟಕ್. ಈಗ ಮಾತ್ರ ಹೆಸರಿಡಿ: "ಕೌದಿ". ಮೊದಲೇ ಹೇಳಿದರೆ ಅದೊಂದು ಬರೀ ಸದ್ದು. ಮನೆಯವರೆಲ್ಲ ಒಂದೇ ಮಾತು ಬಳಸಬೇಕು, ಅಪ್ಪ "ಕುಂದ್ರು", ಮಗಳು "ಸಿಟ್", ಅಜ್ಜಿ "ಹೋಗೋ ಅತ್ಲಾಗ" ಅಂದರೆ ಅದು ಏನು ಮಾಡಬೇಕು ಪಾಪ?

ಒಂದು ಪಾಠ ಮೂರು-ಐದು ನಿಮಿಷ, ಊಟಕ್ಕೆ ಮುಂಚೆ. ಏಪ್ರಿಲ್ ಮಧ್ಯಾಹ್ನದ ಝಳದಲ್ಲಿ ಬೇಡ, ಬೆಳಿಗ್ಗೆ ಇಲ್ಲಾ ಸಂಜೆ ಮಾಡಿ. ಮುಧೋಳ ನಾಯಿ ಇದ್ದರೆ ಮನೆಯೊಳಗೇ ಶುರು ಮಾಡಿ. ಅದು ಕಣ್ಣಿಂದ ನೋಡಿ ಅಟ್ಟಿಸಿಕೊಂಡು ಹೋಗುವ ಬೇಟೆ ತಳಿ, ಅಂಗಳದಲ್ಲಿ ಅಳಿಲು ಕಂಡರೆ ನಿಮ್ಮ ಕೋಳಿ ಚೂರಿಗೆ ಬೆಲೆಯೇ ಇಲ್ಲ. ಬೀದಿಯಿಂದ ತಂದು ಸಾಕಿದ ನಾಯಿಗೂ, ವಯಸ್ಸಾದ ನಾಯಿಗೂ ಇದೇ ದಾರಿ. ಕೈ ಎತ್ತಿದರೆ ಹೆದರುವ ನಾಯಿಯಾದರೆ ಚೂರನ್ನು ಕೈಯಿಂದ ಕೊಡದೆ ಕೌದಿ ಮೇಲೆ ಹಾಕಿ.

ಆಮೇಲೆ ಬಾಗಿಲು. ಮೊದಲು ನೀವೇ ಎದ್ದು ಚಿಲಕ ಮುಟ್ಟಿ ಬನ್ನಿ, ಅದು ಕೂತೇ ಇದ್ದರೆ ಟಕ್. ನಂತರ ಬಾಗಿಲು ತೆಗೆದು ಹಾಕಿ. ನಂತರ ಮನೆಯವರೇ ಯಾರಾದರೂ ಹೊರಗಿನಿಂದ ಬಾಗಿಲು ಬಡಿಯಲಿ. ಎರಡು ಸಲ ಎದ್ದು ಓಡಿದರೆ ಬೈಬೇಡಿ, ಪಾಠದಲ್ಲಿ ಒಂದು ಹಂತ ಹಿಂದೆ ಹೋಗಿ. ಚೆನ್ನಾಗಿ ಕಲಿತ ಮೇಲೆ ಪ್ರತಿ ಸಲ ತಿನಿಸು ಬೇಕಿಲ್ಲ, ಒಮ್ಮೆ ಚೂರು, ಒಮ್ಮೆ ಬೆನ್ನು ತಟ್ಟೋದು, ಒಮ್ಮೆ ವಾಕಿಂಗ್. ಪೂರ್ತಿ ನಿಲ್ಲಿಸಿದರೆ ಮಾತ್ರ ಅದೂ ಕೆಲಸ ನಿಲ್ಲಿಸುತ್ತದೆ.

ಎಲ್ಲ ಕೆಡಿಸೋದು ಬಂದವರು. ನಾಯಿ ಜಿಗಿದಾಗ "ಇರ್ಲಿ ಬಿಡ್ರಿ, ಎಷ್ಟ್ ಚಂದ ಐತಿ" ಅಂತ ತಲೆ ಸವರಿಬಿಡುತ್ತಾರೆ, ಅಲ್ವಾ? ಅವರಿಗೂ ಕೆಲಸ ಕೊಡಿ. ಬಾಗಿಲ ಹತ್ತಿರ ಡಬ್ಬಿಯಲ್ಲಿ ಚೂರು ಇಟ್ಟಿರಿ, ನಾಯಿ ಕೌದಿ ಮೇಲಿದ್ದಾಗ ಅವರೇ ಅಲ್ಲಿಗೆ ಎಸೆಯಲಿ, ಅಲ್ಲಿಯವರೆಗೆ ಮುಟ್ಟೋದು ಬೇಡ. ಆದರೆ ಇದೆಲ್ಲ ಖುಷಿಗೆ ಜಿಗಿಯುವ ನಾಯಿಯ ಮಾತು. ಬಂದವರನ್ನು ಕಂಡು ಗುರ್ ಅನ್ನುವ, ಹಲ್ಲು ತೋರಿಸುವ ನಾಯಿಯಾದರೆ ಬೀಗರ ಮೇಲೆ ಪ್ರಯೋಗ ಬೇಡ, ಅವರು ಬರುವ ಮೊದಲೇ ಬೇರೆ ಕೋಣೆಯಲ್ಲಿ ಬಿಟ್ಟು, ಆಮೇಲೆ ಪಶುವೈದ್ಯರಿಗೆ ತೋರಿಸಿ.