ಅಳತೆ ಪುಸ್ತಕದಲ್ಲಿ 35 ಹೆಸರು

ಬೇರೆಯವರ ಸಲುವಾಗಿ ಪ್ರಾರ್ಥನೆ ಮಾಡುವುದನ್ನು ನಾಲ್ಕು ವರ್ಷದಿಂದ ಒಂದೇ ಕ್ರಮದಲ್ಲಿ ನಡೆಸಿಕೊಂಡು ಬಂದಿದ್ದೇನೆ. ಶುರು ಮಾಡಿದಾಗ ನಮ್ಮ ಕ್ರೈಸ್ತ ಸಭೆಯ ಹಿರಿಯರೊಬ್ಬರು, "ಬೆಳೆ ಹಬ್ಬದ ಮಟಾನೂ ಬಾಳೂದಿಲ್ಲ ಬಿಡು ತಂಗಿ" ಅಂದಿದ್ದರು. ನಾಲ್ಕು ಬೆಳೆ ಹಬ್ಬ ಆದವು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಗುಳೇದಗುಡ್ಡದಲ್ಲಿ ಖಣದ ಕುಪ್ಪಸ ಹೊಲಿಯುವವಳು. ಖಣ ಅಂದರೆ ಕುಪ್ಪಸಕ್ಕೆಂದೇ ನೇಯುವ ಬಟ್ಟೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಈ ಊರಿಗೆ ಬಂದು ನೆಲೆಸಿದ್ದು 1851ರಲ್ಲಿ. ಅಂದಿನಿಂದ ನಮ್ಮಲ್ಲಿ ಪ್ರಾರ್ಥನೆಗೇನೂ ಬರ ಇಲ್ಲ. ಭಾನುವಾರದ ವಿಜ್ಞಾಪನೆ ಇದೆ, ಮನೆಗಳಲ್ಲಿ ಸೇರಿ ಮಾಡುವ ಕಾಟೇಜ್ ಪ್ರಾರ್ಥನೆ ಇದೆ, ಮಹಿಳಾ ಕೂಟ ಇದೆ. ಬರ ಇದ್ದದ್ದು ನೆನಪಿಗೆ. ಭಾನುವಾರ ಹೆಸರು ಓದುತ್ತಾರೆ, ಸೋಮವಾರ ಯಾರ ಹೆಸರು ಓದಿದ್ದು ಅಂತ ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ.

ಮೊದಲು ನಾನೂ ದೊಡ್ಡದಾಗಿಯೇ ಮಾಡಲು ಹೋದೆ. ಬಡಿಗೇರನ ಹತ್ತಿರ ಸಾಗುವಾನಿ ಪೆಟ್ಟಿಗೆ ಮಾಡಿಸಿ ಪ್ರಾರ್ಥನೆ ಚೀಟಿ ಹಾಕಲು ಇಟ್ಟೆವು. 1600 ರೂಪಾಯಿ ಆಗಿರಬೇಕು. ಮೂರು ತಿಂಗಳಿಗೆ ಮುನ್ನೂರರ ಹತ್ತಿರ ಚೀಟಿ ಬಿದ್ದವು. ಅರ್ಧಕ್ಕರ್ಧ ಹೆಸರೇ ಇಲ್ಲದವು. "ನನ್ನ ಕಷ್ಟ ದೇವರಿಗೆ ಗೊತ್ತು" ಅಂತ ಬರೆದು ಹಾಕಿದರೆ ನಾನೇನು ಕೇಳಲಿ? ಒಬ್ಬಾಕೆ ತನ್ನ ನಾದಿನಿಯ ಬಾಯಿ ಕಟ್ಟಿಸಬೇಕು ಅಂತ ಬರೆದಿದ್ದಳು. ಎರಡು ಬಸ್ ಟಿಕೆಟ್ ಕೂಡ ಸಿಕ್ಕವು.

ಆಮೇಲೆ ಒಂದು ಇಡೀ ರಾತ್ರಿ ಪ್ರಾರ್ಥನೆ. ಮೈಕು, ಶಾಮಿಯಾನ ಸೇರಿ 3500. ಅವಲಕ್ಕಿ ಚಹಾ 2000. ಹೊರಗಿನಿಂದ ಕರೆಸಿದ ಪ್ರಸಂಗಿಗೆ ಕಾರಿನ ಬಾಡಿಗೆ, ಕವರು ಅಂತ 5000. ಅವರು ಎರಡು ತಾಸು ತಮ್ಮದೇ ಸಾಕ್ಷಿ ಹೇಳಿದರು. ನಾವು ಬರೆದಿಟ್ಟ ಹೆಸರುಗಳ ಸರದಿ ಬಂದಾಗ ಬೆಳಗಿನ ಜಾವ ನಾಲ್ಕು ಗಂಟೆ, ಎಚ್ಚರ ಇದ್ದವರು ಆರು ಜನ. ಪೆಟ್ಟಿಗೆಯ ಖರ್ಚೂ ಸೇರಿ ಹನ್ನೆರಡು ಸಾವಿರದ ಹತ್ತಿರ ಹೋಯಿತು. ನನ್ನ ಲೆಕ್ಕದಲ್ಲಿ ಐವತ್ತು ಕುಪ್ಪಸದ ಹೊಲಿಗೆ.

ಸರಪಳಿ ಪ್ರಾರ್ಥನೆಯನ್ನೂ ನೋಡಿದೆವು. ಜರ್ಮನಿಯ ಹೆರ್ನ್‌ಹುಟ್‌ನಲ್ಲಿ ಮೊರೇವಿಯನ್ ಸಭೆಯವರು 1727ರಲ್ಲಿ ಹಗಲು ರಾತ್ರಿ ಪಾಳಿ ಹಚ್ಚಿ ಶುರು ಮಾಡಿದ್ದು ನೂರು ವರ್ಷಕ್ಕೂ ಜಾಸ್ತಿ ನಡೆಯಿತಂತೆ. ನಮ್ಮದು ವಾಟ್ಸಾಪಿನಲ್ಲಿ ಒಂಬತ್ತು ದಿನ ನಡೆಯಿತು. ರಾತ್ರಿ ಎರಡರ ಪಾಳಿಯವಳು ಕೈಮುಗಿದ ಚಿತ್ರ ಒತ್ತಿ ಮಲಗಿಬಿಡುತ್ತಿದ್ದಳು. ಅವಳನ್ನು ಬೈದು ಏನು ಬಂತು, ಬೆಳಿಗ್ಗೆ ಆರಕ್ಕೆ ಮಗ್ಗದ ಮುಂದೆ ಕೂರಬೇಕು ಪಾಪ.

ನನಗೆ ಪೆಟ್ಟು ಬಿದ್ದದ್ದು ಸಂತೆಯಲ್ಲಿ. ಸೊಪ್ಪು ಆರಿಸುವಾಗ ಒಬ್ಬಾಕೆ ಕೈ ಹಿಡಿದು, "ಯಕ್ಕಾ, ಪ್ರಾರ್ಥನಿ ನಡದೈತಿಲ್ರೀ?" ಅಂದಳು. "ದಿನಾ ಮಾಡಾಕತ್ತೀನವ್ವಾ" ಅಂದುಬಿಟ್ಟೆ. ಮನೆಗೆ ಬಂದು ಹುಡುಕಿದರೆ ಆಕೆಯ ಚೀಟಿಯ ಮಡಿಕೆ ಕೂಡ ಬಿಚ್ಚಿರಲಿಲ್ಲ. ಗೋವಾಕ್ಕೆ ದುಡಿಯಲು ಹೋದ ಮಗನಿಂದ ಎರಡು ತಿಂಗಳಿಂದ ಫೋನಿಲ್ಲ ಅಂತ ಬರೆದಿದ್ದಳು. ನಿಮಗಾಗಿ ಪ್ರಾರ್ಥಿಸುವುದನ್ನು ಬಿಟ್ಟರೆ ಅದು ಕರ್ತನಿಗೆ ವಿರೋಧವಾದ ಪಾಪ ಅಂತ ಪ್ರವಾದಿ ಸಮುವೇಲ ಜನರಿಗೆ ಹೇಳಿದ್ದು ಬೈಬಲಿನ 1 ಸಮುವೇಲ 12:23ರಲ್ಲಿದೆ. ಎಷ್ಟು ಸಲ ಓದಿದ್ದೆನೋ. ಆ ರಾತ್ರಿ ಅದು ನನ್ನ ಮೇಲೇ ಬಿತ್ತು.

ಮರುದಿನ ಅಂಗಡಿಯಲ್ಲಿ ಅಳತೆ ಪುಸ್ತಕ ತಿರುವುತ್ತಿದ್ದೆ. ಹೆಸರು, ಅಳತೆ, ಕೊಡುವ ತಾರೀಕು. ಇಪ್ಪತ್ತು ವರ್ಷದಲ್ಲಿ ಒಬ್ಬರ ಖಣವನ್ನೂ ಕಳೆದವಳಲ್ಲ ನಾನು. ಹಾಗಾದರೆ ಜನರ ಕಷ್ಟ ಯಾಕೆ ಕಳೆಯುತ್ತಿದೆ? 60 ರೂಪಾಯಿ ಕೊಟ್ಟು ಅಂಥದ್ದೇ ಇನ್ನೊಂದು ಪುಸ್ತಕ ತಂದೆ.

ದಿನಕ್ಕೆ ಐದೇ ಹೆಸರು, ವಾರಕ್ಕೆ 35. ಮೂವತ್ತಾರನೆಯವರು ಬಂದರೆ ನನ್ನ ಹಾಗೆಯೇ ಪುಸ್ತಕ ಇಟ್ಟುಕೊಂಡ ಇನ್ನು ನಾಲ್ವರು ಹೆಂಗಸರಲ್ಲಿ ಯಾರ ಪುಸ್ತಕದಲ್ಲಿ ಜಾಗ ಇದೆಯೋ ಅಲ್ಲಿಗೆ ಕಳಿಸುತ್ತೇನೆ. ಚೀಟಿ, ಫೋನು ಬೇಡ. ಅವರ ಬಾಯಿಂದಲೇ ಕೇಳಬೇಕು, ಆಗುವುದಾದರೆ ಅವರ ಮನೆಯಲ್ಲೇ. ತಾರೀಕಿನ ಕಡೆ ಬರೆಯುವುದು ದೇವರಿಗೆ ಕೊಟ್ಟ ಗಡುವಲ್ಲ, ನಾನು ತಿರುಗಿ ಹೋಗಿ "ಹೆಂಗೈತಿ?" ಅಂತ ಕೇಳಬೇಕಾದ ದಿನ. ಎಲ್ಲರೂ ಬಿಡುವುದು ಇದನ್ನೇ.

ಕೋರಿಕೆಯನ್ನು ಸಣ್ಣದು ಮಾಡುವುದೂ ಒಂದು ಕೆಲಸ. "ಸಾಲ ಎಲ್ಲಾ ತೀರಬೇಕು" ಅಂದರೆ ನಾನು ಬರೆದುಕೊಳ್ಳುವುದಿಲ್ಲ. ಬೈಬಲಿನಲ್ಲಿ ಅಬ್ರಹಾಮ, ಇಷ್ಟು ಜನ ನೀತಿವಂತರಿದ್ದರೆ ಸೊದೋಮ್ ಊರನ್ನು ಉಳಿಸುತ್ತೀಯಾ ಅಂತ ದೇವರನ್ನು ಕೇಳುತ್ತಾ 50ರಿಂದ ಶುರು ಮಾಡಿ 45, 40, 30, 20, 10ಕ್ಕೆ ಇಳಿಸಿದ. ನಾನೂ ಚೌಕಾಸಿ ಮಾಡುತ್ತೇನೆ, ಆದರೆ ಕೇಳಲು ಬಂದವರ ಜೊತೆ. ಕೊನೆಗೆ "ಈ ತಿಂಗಳ ಕಂತು" ಅನ್ನುವಲ್ಲಿಗೆ ಬರುತ್ತೇವೆ. ಹೊರಗೆ ಹೇಳಿದ ಕಷ್ಟದ ಒಳಗೆ ಇನ್ನೊಂದು ಇರುತ್ತದಲ್ಲ, ಅದನ್ನು ಹೊರಡಿಸಲು ನಾನು ಒಂದು ಪ್ರಶ್ನೆ ಕೇಳುತ್ತೇನೆ. ಅದು ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಕೇಳತೊಡಗಿದರೆ ಅದರ ಮೊನೆ ಹೋಗುತ್ತದೆ.

ಬೆಂಗಳೂರಿನಲ್ಲಿರುವ ಮಗ ಒಮ್ಮೆ ಸುಮ್ನೆ ಕೆಣಕಲು ಒಂದು ಸುದ್ದಿ ಕಳಿಸಿದ. 2006ರಲ್ಲಿ ಅಮೆರಿಕದಲ್ಲಿ ಬೈಪಾಸ್ ಆಪರೇಷನ್ನಿನ 1802 ರೋಗಿಗಳ ಮೇಲೆ ಪ್ರಾರ್ಥನೆಯ ಪರೀಕ್ಷೆ ಮಾಡಿದ ವರದಿ ಬಂತಂತೆ. ಪ್ರಾರ್ಥನೆಯಿಂದ ಲಾಭ ಕಾಣಲಿಲ್ಲ. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆ ಅಂತ ಖಾತ್ರಿ ಗೊತ್ತಿದ್ದವರಲ್ಲಿ ನೂರಕ್ಕೆ 59 ಮಂದಿಗೆ ತೊಂದರೆ ಆಯಿತು, ಪ್ರಾರ್ಥನೆ ನಡೆದರೂ ಅದು ಖಾತ್ರಿ ಗೊತ್ತಿಲ್ಲದವರಲ್ಲಿ 52. ನಾನು ಸಿಟ್ಟಾಗಲಿಲ್ಲ. ಪ್ರಾರ್ಥಿಸಿದವರ ಕೈಗೆ ಕೊಟ್ಟದ್ದು ರೋಗಿಯ ಹೆಸರು, ಅಡ್ಡಹೆಸರಿನ ಒಂದು ಅಕ್ಷರ, ಅಷ್ಟೇ. ಅಳತೆ ಇಲ್ಲದೆ ಕುಪ್ಪಸ ಹೊಲಿದ ಹಾಗಲ್ವಾ? ದೇವರನ್ನು ತಕ್ಕಡಿಗೆ ಹಾಕುವುದೇ ನನಗೆ ಸರಿ ಕಾಣುವುದಿಲ್ಲ, ಆ ಮಾತು ಬೇರೆ. ಆದರೂ ಅದರಿಂದ ಒಂದು ಕಲಿತೆ. ದವಾಖಾನೆಯಲ್ಲಿ ಮಲಗಿದವರಿಗೆ "ನಲವತ್ತು ಜನ ನಿಮಗಾಗಿ ಉಪವಾಸ ಕುಂತೀವಿ" ಅಂತ ಹೇಳುವುದನ್ನು ನಿಲ್ಲಿಸಿದೆ. ಕೇಳಿದವರಿಗೆ "ನಾನು ಅಷ್ಟು ಸೀರಿಯಸ್ಸಾ" ಅಂತ ಎದೆ ಒಡೆಯುತ್ತದೆ.

ಗುಳಿಗೆ ನಿಲ್ಲಿಸುವವರ ಹೆಸರು ಬರೆಯುವುದಿಲ್ಲ. ಇದನ್ನೂ ಕೆಟ್ಟ ಮೇಲೆಯೇ ಕಲಿತದ್ದು. ಸಕ್ಕರೆ ಕಾಯಿಲೆಯ ಕಾಕಾ ಒಬ್ಬರು ನಮ್ಮ ಪ್ರಾರ್ಥನೆ ನಂಬಿ ಗುಳಿಗೆ ಬಿಟ್ಟು, ನಡುರಾತ್ರಿ ಬಾಗಲಕೋಟೆಗೆ ಒಯ್ಯಬೇಕಾಯಿತು. ಬದುಕಿದರು. ಗಾಡಿ ಬಾಡಿಗೆ ನಾನೇ ಕೊಟ್ಟೆ.

ದುಡ್ಡಿನ ವಿಷಯದಲ್ಲಿ ಕಟ್ಟುನಿಟ್ಟು. ಕೃತಜ್ಞತಾ ಕಾಣಿಕೆ ಏನಿದ್ದರೂ ಸಭೆಯ ಪೆಟ್ಟಿಗೆಗೆ ಹಾಕಿ ಅನ್ನುತ್ತೇನೆ. ಒಬ್ಬರಿಂದ 500 ತಗೊಂಡರೂ ಮುಂದಿನವರು ಕೈಯಲ್ಲಿ ಕಾಸಿಲ್ಲ ಅಂತ ಬಾಗಿಲಲ್ಲೇ ತಿರುಗಿ ಹೋಗುತ್ತಾರೆ. ವರ್ಷಕ್ಕೆ ನನಗೆ ಬರುವ ಖರ್ಚು ಬಸ್ ಚಾರ್ಜು ಸೇರಿ 900 ಇರಬಹುದು. ಬಾಗಲಕೋಟೆಯ ನವನಗರದ ಮೂರು ಮನೆಗೆ ಹೋಗುವುದೇ ಜಾಸ್ತಿ.

ಇಲ್ಲಿಯವರೆಗೆ ಇನ್ನೂರರ ಹತ್ತಿರ ಹೆಸರು ಬಂದು ಹೋಗಿವೆ. ಕೇಳಿದ ಹಾಗೇ ಆದದ್ದು ಎಪ್ಪತ್ತೋ ಎಂಬತ್ತೋ. ಗೋವಾದ ಹುಡುಗ ಬಂದ. ಕಿಡ್ನಿ ಹೋದ ಇನ್ನೊಬ್ಬ ಹುಡುಗ ಹದಿನಾಲ್ಕು ತಿಂಗಳು ಮಂಗಳವಾರದ ಹಾಳೆಯಲ್ಲಿದ್ದು ತೀರಿಕೊಂಡ. ಮಣ್ಣು ಮಾಡಿ ಬಂದ ಸಂಜೆ ಅವನ ಹೆಸರು ಹೊಡೆಯಲು ಪೆನ್ಸಿಲ್ ಹಿಡಿದು ಸುಮಾರು ಹೊತ್ತು ಕೂತೆ. ಹೊಡೆಯಲಿಲ್ಲ. ಪಕ್ಕದಲ್ಲಿ ಅವನ ಅವ್ವನ ಹೆಸರು ಬರೆದೆ. ಈಗಲೂ ಮಂಗಳವಾರ ಆಕೆಯ ಮನೆಯಲ್ಲೇ ಚಹಾ.

ಹೋದ ವಾರ ಆ ಹಿರಿಯರೇ ಅಂಗಡಿಗೆ ಬಂದರು. ಕೈಯಲ್ಲಿ ಎರಡು ಖಣ. "ನಿಮ್ಮ ಕಾಕಿದು ಹಳೇ ಅಳತೀನ ಐತೆಲ್ಲಾ" ಅಂದರು. ಐತ್ರಿ ಅಂದೆ. ಖಣ ಇಟ್ಟರು, ಆದರೆ ಹೋಗಲಿಲ್ಲ. ಕತ್ತರಿ ಬದಿಗಿಟ್ಟು ನನ್ನ ಪ್ರಶ್ನೆ ಕೇಳಿದೆ. ಬಾಗಿಲ ಕಡೆ ಒಮ್ಮೆ ನೋಡಿ ಬೆಂಚಿನ ಮೇಲೆ ಕೂತರು. ಗುರುವಾರದ ಹಾಳೆಯಲ್ಲಿ ನಾಲ್ಕೇ ಹೆಸರಿದ್ದವು.