ತೊಡೆಯ ಮೇಲಿಟ್ಟು ನುಡಿಸುವ ಸ್ಟೀಲ್ ಗಿಟಾರನ್ನು ಮನೆಯಲ್ಲೇ ಕಟ್ಟುವ ಬಗೆ

ನಮ್ಮಲ್ಲಿ ಹವಾಯಿಯನ್ ಗಿಟಾರ್ ಎಂದೇ ಪರಿಚಿತವಾಗಿರುವ, ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಉಕ್ಕಿನ ಸರಳನ್ನು ತಂತಿಗಳ ಮೇಲೆ ಜಾರಿಸಿ ನುಡಿಸುವ ವಾದ್ಯವನ್ನು ಹವ್ಯಾಸಿಯೊಬ್ಬ ತಾನೇ ಕಟ್ಟಿಕೊಳ್ಳುವುದು ಮೇಲ್ನೋಟಕ್ಕೆ ಕಾಣುವಷ್ಟು ಕಷ್ಟವಲ್ಲ. ಸಾಮಾನ್ಯ ಗಿಟಾರ್ ತಯಾರಿಕೆಯಲ್ಲಿ ಹೊಸಬರನ್ನು ಹೆದರಿಸುವ ಕೆಲಸಗಳು ಮೂರು: ಕತ್ತನ್ನು ಕರಾರುವಾಕ್ಕಾದ ಕೋನದಲ್ಲಿ ಕೂಡಿಸುವುದು, ಕತ್ತಿನ ಮೇಲಿನ ಲೋಹದ ಮೆಟ್ಟಿಲುಗಳಾದ ಫ್ರೆಟ್‌ಗಳನ್ನು ಒಂದೇ ಮಟ್ಟಕ್ಕೆ ತರುವುದು, ಪಕ್ಕದ ಹಲಗೆಗಳನ್ನು ಕಾಯಿಸಿ ಬಾಗಿಸುವುದು. ಇಲ್ಲಿ ಬೆರಳು ತಂತಿಯನ್ನು ಒತ್ತುವುದೇ ಇಲ್ಲವಾದ್ದರಿಂದ ಮೊದಲೆರಡು ತಾವಾಗಿಯೇ ತಪ್ಪುತ್ತವೆ. ಮೂರನೆಯದನ್ನು ನಾವೇ ತಪ್ಪಿಸಿಕೊಳ್ಳಬಹುದು. ಆದರೆ ಎರಡು ವಿಷಯಗಳಲ್ಲಿ ಮಾತ್ರ ಈ ವಾದ್ಯ ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಮರ ಚೆನ್ನಾಗಿ ಒಣಗಿರಬೇಕು, ಮತ್ತು ಆರೂ ತಂತಿಗಳ ಮೇಲಂಚು ಒಂದೇ ಸಮತಲದಲ್ಲಿರಬೇಕು.

ಸರಳು ಜಾರಿಸಿ ನುಡಿಸುವ ಕ್ರಮ ನಮಗೆ ಹೊಸದೇನಲ್ಲ. ಚಿತ್ರವೀಣೆ, ವಿಚಿತ್ರವೀಣೆಗಳಲ್ಲೂ ಮೆಟ್ಟಿಲುಗಳಿಲ್ಲ. ಗಿಟಾರಿನಲ್ಲಿ ಇದನ್ನು 19ನೇ ಶತಮಾನದ ಕೊನೆಯಲ್ಲಿ ರೂಢಿಗೆ ತಂದ ಶ್ರೇಯಸ್ಸು ಹವಾಯಿಯ ಜೋಸೆಫ್ ಕೆಕುಕು ಅವರಿಗೆ ಸಲ್ಲುತ್ತದೆ. 1920ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಹರ್ಮನ್ ವೈಸೆನ್‌ಬಾರ್ನ್ ಅವರು ಕತ್ತಿನ ಒಳಗೂ ಟೊಳ್ಳಾಗಿದ್ದು ಒಡಲಿನೊಂದಿಗೆ ಒಂದೇ ಪೆಟ್ಟಿಗೆಯಾಗಿರುವ ಮಾದರಿಯನ್ನು ಜನಪ್ರಿಯಗೊಳಿಸಿದರು. ನಾವು ಅನುಸರಿಸುವುದು ಆ ತತ್ವವನ್ನೇ, ಆಕಾರವನ್ನಲ್ಲ. ನಮ್ಮ ಪೆಟ್ಟಿಗೆಯ ಪಕ್ಕಗಳು ನೇರ. ಮೇಲಿನಿಂದ ನೋಡಿದರೆ ಬಾಲದ ಕಡೆ ಅಗಲವಾಗಿ, ತಲೆಯ ಕಡೆ ಕಿರಿದಾಗುತ್ತ ಹೋಗುವ ಉದ್ದನೆಯ ಪೆಟ್ಟಿಗೆ.

ಮರದ ಮಾತು. ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಹಳೆಯ ಮನೆಗಳನ್ನು ಕೆಡವಿದಾಗ ಬರುವ ತೇಗದ ಬಾಗಿಲು, ಕಿಟಕಿ, ಚೌಕಟ್ಟುಗಳು ಹಳೇ ಮರದ ಅಂಗಡಿಗಳಲ್ಲಿ ಸಿಗುತ್ತವೆ. ದಶಕಗಳ ಕಾಲ ಒಣಗಿ ನಿಂತ ಇಂಥ ಮರ ಪಕ್ಕದ ಹಲಗೆಗಳಿಗೆ, ಹಿಂಬದಿಗೆ ಮತ್ತು ತಲೆಯ ದಿಮ್ಮಿಗೆ ಬಹಳ ಒಳ್ಳೆಯದು. ಸಾಮಿಲ್‌ಗೆ ಒಯ್ಯುವ ಮೊದಲು ಉದ್ದಕ್ಕೂ ಒಂದು ಅಯಸ್ಕಾಂತ ಆಡಿಸಿ ನೋಡಬೇಕು. ಒಳಗೆ ಮುರಿದುಳಿದ ಒಂದು ಮೊಳೆ ಗರಗಸದ ಪಟ್ಟಿಯನ್ನೇ ಹಾಳುಮಾಡುತ್ತದೆ, ಹಾಗಾಗಿ ಮೊಳೆ ಇರಬಹುದೆಂಬ ಅನುಮಾನವಿದ್ದರೂ ಸಾಮಿಲ್‌ನವರು ಮರವನ್ನು ಮುಟ್ಟಲು ಹಿಂಜರಿಯಬಹುದು. ಇಡೀ ವಾದ್ಯ ತೇಗದ್ದೇ ಆಗಿರಲಿ ಎಂಬ ಆಸೆ ಮಾತ್ರ ಬೇಡ. ಧ್ವನಿಯನ್ನು ಹೊರಡಿಸುವ ಮುಖಹಲಗೆ ಹಗುರವಾಗಿಯೂ ಬಿಗಿಯಾಗಿಯೂ ಇರಬೇಕು; ಆ ಕೆಲಸಕ್ಕೆ ತೇಗ ಭಾರ. ಸ್ಪ್ರೂಸ್ ಸಿಕ್ಕರೆ ಸರಿ, ಇಲ್ಲವಾದರೆ ಗಂಟಿಲ್ಲದ, ವಾರ್ಷಿಕ ಉಂಗುರಗಳು ಒತ್ತೊತ್ತಾಗಿರುವ ಪೈನ್ ಅಥವಾ ದೇವದಾರು ಸಾಕು. ಹಲಗೆಯ ತುದಿಯನ್ನು ನೋಡಿದಾಗ ಉಂಗುರದ ಗೆರೆಗಳು ನೆಟ್ಟಗೆ ನಿಂತಂತೆ ಕಾಣಬೇಕು. ಅಡ್ಡ ಮಲಗಿದ್ದರೆ ಆ ಹಲಗೆ ಮುಂದೆ ಬಟ್ಟಲಿನಂತೆ ಸೊಟ್ಟಗಾಗುತ್ತದೆ.

ಕೆಲಸವನ್ನು ಯಾವ ತಿಂಗಳಲ್ಲಿ ಮಾಡುತ್ತೇವೆ ಎಂಬುದೂ ಮರದಷ್ಟೇ ಮುಖ್ಯ. ಮರ ಉದ್ದಕ್ಕೆ ಬಹುತೇಕ ಬದಲಾಗುವುದಿಲ್ಲ, ಅಡ್ಡಕ್ಕೆ ಮಾತ್ರ ತೇವದ ಜೊತೆ ಹಿಗ್ಗಿ, ಒಣಹವೆಯಲ್ಲಿ ಕುಗ್ಗುತ್ತದೆ. ಮಳೆಗಾಲದ ತೇವದಲ್ಲಿ ಹಿಗ್ಗಿರುವ ಮುಖಹಲಗೆಗೆ ಅಡ್ಡಪಟ್ಟಿಗಳನ್ನು ಅಂಟಿಸಿದರೆ ನಮ್ಮ ಕಡೆಯ ಬಿರುಬೇಸಿಗೆಯಲ್ಲಿ ಅದು ಕುಗ್ಗಲು ಹೋಗಿ, ಪಟ್ಟಿ ಬಿಡದ ಕಾರಣ ಸೀಳುತ್ತದೆ. ಒಣಹವೆಯಲ್ಲಿ ಅಂಟಿಸಿದ್ದು ಮಳೆಗಾಲದಲ್ಲಿ ಸ್ವಲ್ಪ ಉಬ್ಬಬಹುದು, ಆದರೆ ಸೀಳುವುದಿಲ್ಲ. ಆದ್ದರಿಂದ ಮಳೆಗಾಲದಲ್ಲಿ ಮರ ಆರಿಸಿ, ಕೊಯ್ಯಿಸಿ, ಹಲಗೆಗಳ ನಡುವೆ ಸಣ್ಣ ಕಡ್ಡಿಗಳನ್ನಿಟ್ಟು ಗಾಳಿಯಾಡುವಂತೆ ಪೇರಿಸಿಡಬೇಕು; ಅಂಟಿನ ಕೆಲಸವನ್ನೆಲ್ಲ ಜನವರಿಯಿಂದ ಮಾರ್ಚ್‌ವರೆಗಿನ ಅವಧಿಗೆ ಉಳಿಸಿಕೊಳ್ಳಬೇಕು. ಚಿತ್ರದುರ್ಗದಂಥ ಮಳೆ ಕಡಿಮೆಯಿರುವ ಊರಿನವರಿಗೆ ಇದರಲ್ಲಿ ಅನುಕೂಲ ಹೆಚ್ಚು.

ಅಳತೆಗಳು ಹೀಗಿರಲಿ. ತಲೆಯ ಬುಡದಲ್ಲಿ ತಂತಿಗಳನ್ನು ಎತ್ತಿ ಹಿಡಿಯುವ ಪಟ್ಟಿಯಾದ ನಟ್‌ನಿಂದ, ಮುಖಹಲಗೆಯ ಮೇಲೆ ತಂತಿಗಳ ಇನ್ನೊಂದು ತುದಿಯನ್ನು ಹಿಡಿಯುವ ಬ್ರಿಡ್ಜ್‌ವರೆಗೆ ತಂತಿ ಮಿಡಿಯುವ ಉದ್ದ 635 ಮಿ.ಮೀ., ಬ್ರಿಡ್ಜ್‌ನಿಂದ ಬಾಲದ ತುದಿಗೆ 140 ಮಿ.ಮೀ.; ಹೀಗೆ ಪೆಟ್ಟಿಗೆಯ ಉದ್ದ 775 ಮಿ.ಮೀ. ಆಗುತ್ತದೆ. ಅಗಲ ಬಾಲದಲ್ಲಿ 260, ನಟ್‌ನ ಬಳಿ 70. ಆಳ ಬಾಲದಲ್ಲಿ 80, ನಟ್‌ನ ಬಳಿ 45. ಮುಖಹಲಗೆಯ ದಪ್ಪ 3 ಮಿ.ಮೀ., ಹಿಂಬದಿಯದೂ ಅಷ್ಟೇ, ಪಕ್ಕದ ಹಲಗೆ 4 ಮಿ.ಮೀ. ಹಿಂಬದಿಗೆ ಒಳ್ಳೆಯ ಪ್ಲೈವುಡ್ ಬಳಸಿದರೂ ತಪ್ಪಿಲ್ಲ. ತಲೆಯ ಭಾಗವನ್ನು ಪೆಟ್ಟಿಗೆಯೊಳಗೆ 90 ಮಿ.ಮೀ. ಚಾಚುವ ಗಟ್ಟಿ ದಿಮ್ಮಿಯೊಂದಿಗೆ ಒಂದೇ ಮರದಲ್ಲಿ ಕೊಯ್ದು, ನಟ್‌ನ ಆಚೆಗೆ ಸುಮಾರು 12 ಡಿಗ್ರಿ ಹಿಂದಕ್ಕೆ ಇಳಿಜಾರು ಕೊಡಬೇಕು. ಆ ಇಳಿಜಾರಿಲ್ಲದಿದ್ದರೆ ತಂತಿ ನಟ್‌ನ ಮೇಲೆ ಬಿಗಿಯಾಗಿ ಕೂರದೆ ಝರ್ರೆನ್ನುತ್ತದೆ.

ಮುಖಹಲಗೆ ಸಾಮಾನ್ಯವಾಗಿ ಎರಡು ಹಲಗೆಗಳ ಜೋಡಣೆ. ಎರಡನ್ನೂ ಸೇರಿಸಿ ಬೆಳಕಿಗೆ ಹಿಡಿದಾಗ ನಡುವೆ ಬೆಳಕು ಸೋರದಷ್ಟು ಅಂಚನ್ನು ಉಜ್ಜುಗೊರಡಿನಿಂದ ನೇರ ಮಾಡಿ ಅಂಟಿಸಬೇಕು. ಬ್ರಿಡ್ಜ್‌ನ ಜಾಗದಿಂದ 190 ಮಿ.ಮೀ. ಮುಂದೆ 75 ಮಿ.ಮೀ. ವ್ಯಾಸದ ನಾದರಂಧ್ರವನ್ನು ಕೊರೆದ ಮೇಲೆ, ಒಳಬದಿಗೆ 7 ಮಿ.ಮೀ. ಅಗಲ, 12 ಮಿ.ಮೀ. ಎತ್ತರದ ಎರಡು ಪೈನ್ ಪಟ್ಟಿಗಳನ್ನು ಬ್ರಿಡ್ಜ್‌ಗೂ ರಂಧ್ರಕ್ಕೂ ನಡುವೆ ಒಂದನ್ನೊಂದು ಕತ್ತರಿಸುವ ಹಾಗೆ ಗುಣಾಕಾರ ಚಿಹ್ನೆಯಂತೆ ಕೂರಿಸಿ, ರಂಧ್ರದ ಮುಂದೆ ಒಂದು ಅಡ್ಡಪಟ್ಟಿ ಕೊಡಬೇಕು. ಆರು ತಂತಿಗಳ ಒಟ್ಟು ಎಳೆತ ಸುಮಾರು 70 ಕೆ.ಜಿ.ಯಷ್ಟಾಗುತ್ತದೆ ಎಂಬುದನ್ನು ನೆನೆದರೆ ಈ ಪಟ್ಟಿಗಳ ಅಗತ್ಯವನ್ನು ಬೇರೆ ಹೇಳಬೇಕಿಲ್ಲ. ಬ್ರಿಡ್ಜ್‌ನ ನೇರ ಕೆಳಗೆ 2.5 ಮಿ.ಮೀ. ದಪ್ಪದ ತೇಗದ ತಟ್ಟೆಯೊಂದನ್ನು ಅಂಟಿಸಿದರೆ ತಂತಿಗಳ ತುದಿಯಲ್ಲಿರುವ ಲೋಹದ ಗುಂಡುಗಳು ಅದಕ್ಕೆ ಆತುಕೊಳ್ಳುತ್ತವೆ. ಎಳೆತವೆಲ್ಲ ಬರೀ ಅಂಟಿನ ಮೇಲೆ ಬೀಳುವುದಿಲ್ಲ.

ಬ್ರಿಡ್ಜನ್ನು ಹಿಂಬದಿ ಮುಚ್ಚುವ ಮೊದಲೇ ಅಂಟಿಸಬೇಕು. ನಾದರಂಧ್ರ ಚಿಕ್ಕದಾದ್ದರಿಂದ ಆಮೇಲೆ ಕೈಯೂ ಒಳಗೆ ಹೋಗದು, ಕ್ಲ್ಯಾಂಪೂ ಹೋಗದು. ಅಂಟಿನ ವಿಷಯದಲ್ಲಿ ಒಂದು ಎಚ್ಚರ: ಪೀಠೋಪಕರಣಕ್ಕೆ ಬಳಸುವ ಬಿಳಿ ಅಂಟು ಪಕ್ಕದ ಹಲಗೆಗಳಿಗೆ ಸಾಕು, ಆದರೆ ಸದಾ ಎಳೆತವಿರುವ ಕಡೆ, ಅದರಲ್ಲೂ ಬಿಸಿ ತಾಗಿದರೆ, ಅದು ನಿಧಾನವಾಗಿ ಜಾರುತ್ತದೆ. ಬ್ರಿಡ್ಜ್‌ಗೆ ಹಿಂದಿನ ಬಡಗಿಗಳು ಕಾಯಿಸಿ ಬಳಸುತ್ತಿದ್ದ ಮರವಜ್ರ, ಇಲ್ಲವೇ ವಾದ್ಯ ತಯಾರಕರು ಬಳಸುವ ಹಳದಿ ಅಂಟು ಯೋಗ್ಯ.

ಪೆಟ್ಟಿಗೆ ಕಟ್ಟುವ ಕೆಲಸ ಸುಲಭ. ಪಕ್ಕಗಳು ನೇರವಾಗಿರುವುದರಿಂದ ಒಳಮೂಲೆಗಳ ಉದ್ದಕ್ಕೂ 8 ಮಿ.ಮೀ. ಚೌಕದ ಪಟ್ಟಿಗಳನ್ನು ಹಾಗೆಯೇ ಅಂಟಿಸಬಹುದು. ಮುಚ್ಚುವಾಗ ಬೇಕಾಗುವ ಹತ್ತಾರು ಕ್ಲ್ಯಾಂಪ್‌ಗಳ ಬದಲು ಹಳೆಯ ಸೈಕಲ್ ಟ್ಯೂಬನ್ನು ಉದ್ದುದ್ದ ಸೀಳಿ ಬಿಗಿಯಾಗಿ ಸುತ್ತಿದರೆ ಒತ್ತಡ ಎಲ್ಲೆಡೆ ಸಮನಾಗಿ ಬೀಳುತ್ತದೆ.

ಇನ್ನು ತಂತಿಗಳ ಸಮತಲ. ನಟ್‌ಗೆ 6 ಮಿ.ಮೀ. ದಪ್ಪದ ಹಿತ್ತಾಳೆ ಪಟ್ಟಿ ಒಳ್ಳೆಯದು. ಅದು ತಂತಿಗಳನ್ನು ಮುಖಹಲಗೆಯಿಂದ ಸುಮಾರು 12 ಮಿ.ಮೀ. ಎತ್ತರದಲ್ಲಿ ಹಿಡಿಯಬೇಕು. ತಂತಿಯಿಂದ ತಂತಿಗೆ ಅಂತರ ನಟ್‌ನಲ್ಲಿ 10 ಮಿ.ಮೀ., ಬ್ರಿಡ್ಜ್‌ನಲ್ಲಿ ತುಸು ಹೆಚ್ಚು. ಮೀಡಿಯಂ ಎಂದು ಮಾರುವ ಗಿಟಾರ್ ತಂತಿಗಳ ಸೆಟ್ಟಿನಲ್ಲಿ ಅತಿ ದಪ್ಪನೆಯ ತಂತಿ 1.42 ಮಿ.ಮೀ., ಅತಿ ತೆಳ್ಳನೆಯದು 0.33 ಮಿ.ಮೀ. ಇರುತ್ತದೆ. ಎಲ್ಲ ಕಚ್ಚುಗಳನ್ನೂ ಒಂದೇ ಆಳಕ್ಕೆ ಅರದಿಂದ ಉಜ್ಜಿದರೆ ದಪ್ಪ ತಂತಿ ಒಂದು ಮಿ.ಮೀ.ಗೂ ಹೆಚ್ಚು ಮೇಲೆದ್ದು ನಿಂತು, ಸರಳು ಅದರ ಮೇಲೆ ಏರಿ ಪಕ್ಕದ ತಂತಿಯನ್ನು ಮುಟ್ಟದೇ ಹೋಗುತ್ತದೆ. ಆದ್ದರಿಂದ ದಪ್ಪ ತಂತಿಯ ಕಚ್ಚನ್ನು ಅಷ್ಟು ಆಳಕ್ಕೆ ಇಳಿಸುತ್ತ, ಪ್ರತಿ ಹಂತದಲ್ಲೂ ಉಕ್ಕಿನ ಸ್ಕೇಲನ್ನು ತಂತಿಗಳ ಮೇಲೆ ಅಡ್ಡ ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಹಿಡಿದು ನೋಡಬೇಕು. ಯಾವ ತಂತಿಗೂ ಸ್ಕೇಲಿಗೂ ನಡುವೆ ಬೆಳಕು ಕಾಣಬಾರದು. ಬ್ರಿಡ್ಜ್‌ನ ಮೇಲೆ ತಂತಿಗಳು ಕೂರುವ ಪಟ್ಟಿಯಾದ ಸ್ಯಾಡಲ್‌ನಲ್ಲೂ ಇದೇ ಪರೀಕ್ಷೆ. ಸಾಮಾನ್ಯ ಗಿಟಾರಿನಂತೆ ಸ್ಯಾಡಲನ್ನು ಓರೆಯಾಗಿ ಕೂರಿಸುವ ಅಗತ್ಯವಿಲ್ಲ, ಏಕೆಂದರೆ ಒತ್ತಿದಾಗ ತಂತಿ ಬಿಗಿಯಾಗಿ ಸ್ವರ ಏರುವ ತೊಡಕು ಇಲ್ಲಿಲ್ಲ.

ಸ್ವರಸ್ಥಾನದ ಗೆರೆಗಳು ಕಣ್ಣಿಗೆ ದಾರಿ ತೋರಿಸಲು ಮಾತ್ರ. ಉಳಿದಿರುವ ಉದ್ದವನ್ನು ಪ್ರತಿ ಸಲ 17.817ರಿಂದ ಭಾಗಿಸುತ್ತ ಹೋದರೆ ಸ್ಥಾನಗಳು ಸಿಗುತ್ತವೆ: ಮೊದಲನೆಯದು ನಟ್‌ನಿಂದ 35.6 ಮಿ.ಮೀ., ಐದನೆಯದು 159.3, ಏಳನೆಯದು 211.2, ಹನ್ನೆರಡನೆಯದು ಸರಿಯಾಗಿ ಅರ್ಧ, ಅಂದರೆ 317.5. ಗೆರೆಯಿಂದ ಗೆರೆಗೆ ಅಳೆಯದೆ ಪ್ರತಿಯೊಂದನ್ನೂ ನಟ್‌ನಿಂದಲೇ ಅಳೆಯಬೇಕು. ಇಲ್ಲವಾದರೆ ಕೂದಲೆಳೆಯಷ್ಟು ತಪ್ಪುಗಳು ಕೂಡುತ್ತ ಹೋಗುತ್ತವೆ.

ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ಪಾಲಿಶನ್ನು ತೆಳುವಾಗಿ ಹಚ್ಚಿದರೆ ಸಾಕು. ದಪ್ಪ ವಾರ್ನಿಶ್ ಮುಖಹಲಗೆಯ ದನಿಯನ್ನು ಅದುಮುತ್ತದೆ.

ಸರಳನ್ನು ಊರಿನ ಯಾವುದೇ ಲೇಥ್ ವರ್ಕ್‌ಶಾಪ್‌ನಲ್ಲಿ ಮಾಡಿಸಿಕೊಳ್ಳಬಹುದು. 19 ಮಿ.ಮೀ. ವ್ಯಾಸದ ಸ್ಟೇನ್‌ಲೆಸ್ ಸ್ಟೀಲ್ ರಾಡನ್ನು 75 ಮಿ.ಮೀ. ಉದ್ದಕ್ಕೆ ಕತ್ತರಿಸಿ, ಒಂದು ತುದಿಯನ್ನು ಗುಂಡಗೆ ಮಾಡಿಸಿ, 1000 ಮತ್ತು 2000 ನಂಬರಿನ ಪಾಲಿಶ್ ಪೇಪರಿನಿಂದ ಕನ್ನಡಿಯಂತೆ ಉಜ್ಜಬೇಕು. ಸುಮಾರು 165 ಗ್ರಾಂ ತೂಗುತ್ತದೆ. ಕೈಯ ಒತ್ತಡವಿಲ್ಲದೆ ತನ್ನ ಭಾರದಿಂದಲೇ ತಂತಿಗೆ ಅಂಟಿಕೊಂಡು ಸಾಗಲು ಆ ತೂಕ ಬೇಕು. ಲೇಥ್‌ನ ಗೀರು ಒಂದು ಉಳಿದರೂ ಪ್ರತಿ ಜಾರಿನಲ್ಲೂ ಕರಕರ ಕೇಳುತ್ತದೆ.

ಶ್ರುತಿಗೆ ಕೆಳಗಿನಿಂದ ಮೇಲಕ್ಕೆ ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ ಎಂಬ ಕ್ರಮ ಬಳಕೆಯಲ್ಲಿದೆ. ನಮ್ಮ ಲೆಕ್ಕದಲ್ಲಿ ಸ, ಪ, ಸ, ಅಂತರ ಗಾಂಧಾರ, ಪ, ಸ. ಮೊದಲ ಎರಡು ದಿನ ಇದಕ್ಕಿಂತ ಒಂದು ಪೂರ್ಣ ಸ್ವರ ಕೆಳಗೆ ಬಿಗಿದು ಬಿಟ್ಟು, ಬ್ರಿಡ್ಜ್‌ನ ಹಿಂದೆ ಮುಖಹಲಗೆ ಎಷ್ಟು ಉಬ್ಬಿದೆ ಎಂದು ಸ್ಕೇಲಿಟ್ಟು ನೋಡಬೇಕು. ಒಂದೆರಡು ಮಿ.ಮೀ. ಉಬ್ಬಿ ನಿಂತರೆ ಸಹಜ. ದಿನದಿನಕ್ಕೆ ಹೆಚ್ಚುತ್ತಿದ್ದರೆ ಒಳಗಿನ ಪಟ್ಟಿ ಎಲ್ಲೋ ಬಿಟ್ಟಿದೆ ಎಂದೇ ಅರ್ಥ. ಕೂಡಲೇ ತಂತಿ ಸಡಿಲಿಸಿ, ಹಿಂಬದಿಯನ್ನು ಬಿಚ್ಚಿ ಆ ಪಟ್ಟಿಯನ್ನು ಮತ್ತೆ ಅಂಟಿಸಬೇಕು.